ಪೂಜೆಗೆ ಇಡದ ಟ್ರೊಂಬೋನ್

ಬಾಬುರಾಯನಕೊಪ್ಪಲಿನಲ್ಲಿ ಬೆಳಗಿನ ಆರೂಕಾಲು. ಮೈಸೂರು ರಸ್ತೆಯಲ್ಲಿ ಹಾಲಿನ ವ್ಯಾನುಗಳ ಓಡಾಟ ಶುರುವಾಗಿದೆ. ರಸ್ತೆಯಿಂದ ಎರಡು ಓಣಿ ಒಳಗಿರುವ ಹೆಂಚಿನ ಮನೆಯಲ್ಲಿ ಪುಟ್ಟಲಕ್ಷ್ಮಮ್ಮ ಇನ್ನೂ ಒಲೆ ಹಚ್ಚಿಲ್ಲ. ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆಯ ಮೇಲಿದ್ದ ಉಪ್ಪು, ಬೇಳೆ, ಸಕ್ಕರೆ ಡಬ್ಬಿಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ, ಕಲ್ಲನ್ನು ಎರಡು ಸಲ ಒರೆಸಿ, ಅದರ ಮೇಲೆ ಮೂರು ಗೇಣುದ್ದದ ಜೋಡಿ ಕೊಳವೆ ಮಲಗಿಸಿದ್ದಾರೆ. ಆಮೇಲೆ ಸೆರಗು ಬಿಗಿದು, ಮಂಡಿ ಬಗ್ಗಿಸಿ, ಕೆನ್ನೆಯನ್ನು ಕಲ್ಲಿಗೆ ಆನಿಸಿ ಸುಮ್ಮನೆ ಕಾಯುತ್ತಾರೆ. ಕಾಫಿ ಕೇಳುವ ಧೈರ್ಯ ನನಗಾಗಲಿಲ್ಲ.

ಪೂರ್ವದ ಕಿಟಕಿಯಿಂದ ಬಿಸಿಲು ಕಟ್ಟೆಯ ಮೇಲೆ ಅಡ್ಡಡ್ಡಲಾಗಿ ಬೀಳುತ್ತದೆ. ಕೊಳವೆಗೂ ಕಲ್ಲಿಗೂ ನಡುವೆ ಒಂದು ಕಡೆ ಕೂದಲೆಳೆಯಷ್ಟು ಬೆಳಕು ಮಿಂಚುತ್ತದೆ. ಪುಟ್ಟಲಕ್ಷ್ಮಮ್ಮ ಉಗುರಿನಲ್ಲಿ ಆ ಜಾಗ ಗುರುತಿಸಿ, ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು, ನೆಟ್ಟಗೆ ನಿಲ್ಲುತ್ತಾರೆ.

"ಕೆಳಗೆ ಬೆಳುಕು ತೂರುದ್ರೆ ಬಗ್ಗದೆ ಅಂತ. ತೂರ್ದಿದ್ರೆ ನೆಟ್ಟಗದೆ ಅಂತ. ಅಷ್ಟೇ ಕಣಪ್ಪ ನನ್ ಇದ್ಯೆ. ಏಳು ಗಂಟೆ ಮ್ಯಾಕೆ ಬಿಸ್ಲು ಮೇಲಕ್ಕೋಯ್ತದೆ, ಆಗ ಏನೂ ಕಾಣಾಕಿಲ್ಲ. ಅದ್ಕೇ ಅಡ್ಗೆ ಲೇಟು," ಎನ್ನುತ್ತಾರೆ.

ಕಲ್ಲಿನ ಮೇಲೆ ಮಲಗಿರುವುದು ಟ್ರೊಂಬೋನಿನ ಒಳಗಿನ ಜೋಡಿ ಕೊಳವೆ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಒಬ್ಬಾತ ಹಿಂದಕ್ಕೂ ಮುಂದಕ್ಕೂ ಎಳೆಯುತ್ತ ಊದುತ್ತಾನಲ್ಲ, ಆ ವಾದ್ಯ. ಬೇರೆ ಪೀಪಿಗಳಿಗೆ ಗುಂಡಿಗಳಿರುತ್ತವೆ. ಇದಕ್ಕೆ ಗುಂಡಿಯಿಲ್ಲ. ಒಳಗಿನ ಜೋಡಿ ಕೊಳವೆಯ ಮೇಲೆ ಹೊರಗಿನ ಜೋಡಿ ಜಾರಬೇಕು, ಜಾರಿದಷ್ಟಕ್ಕೆ ಸ್ವರ ಬದಲಾಗಬೇಕು. ಜಾರುವುದು ಒಂದು ಕಡೆ ತಡೆದರೂ ವಾದ್ಯ ಹಾಳು, ಊದುವವನ ಮರ್ಯಾದೆಯೂ ಹಾಳು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕಿನ ಬ್ಯಾಂಡಿನವರ ಆ ಮರ್ಯಾದೆ ಕಾಯುತ್ತಿರುವುದು ಐವತ್ತೆಂಟು ವರ್ಷದ ಈ ಹೆಂಗಸು.

ಹಾಗಂತ ಮನೆ ಮುಂದಿನ ತಗಡಿನ ಬೋರ್ಡಿನಲ್ಲಿ ಇವರ ಹೆಸರು ಹುಡುಕಬೇಡಿ. ಅಲ್ಲಿರುವುದು 'ಶಂಕರ್ ಬ್ಯಾಂಡ್ ರಿಪೇರಿ'. ಶಂಕರ್ ಇವರ ಗಂಡ. ಗೂಡ್ಸ್ ಆಟೊ ಓಡಿಸುತ್ತಾರೆ. ಕೊಳವೆ ನೇರ ಮಾಡುವುದಿರಲಿ, ಮನೆಯ ಛತ್ರಿಯ ಕಡ್ಡಿ ನೇರ ಮಾಡುವುದಕ್ಕೂ ಹೆಂಡತಿಯನ್ನೇ ಕರೆಯುತ್ತಾರೆ. "ಎಂಗಸ್ರ ಎಸ್ರು ಆಕುದ್ರೆ ಯಾರೂ ಬರಾಕಿಲ್ಲ ಅಂತ ನಮ್ಮತ್ತೆ ಅಂದ್ರು, ಅಂಗೇ ಬರುಸ್ದೆ. ಈಗ ಬಂದೋರು ನನ್ ಕೇಳ್ತಾರೆ, ನಾನು ಅವಳ್ನ ತೋರುಸ್ತೀನಿ. ದುಡ್ಡು ಮಾತ್ರ ಅಳೇ ಗ್ಯಾನದಲ್ಲಿ ನನ್ ಕೈಗೇ ಕೊಡ್ತಾರೆ," ಎಂದು ಶಂಕರ್ ನಗುತ್ತಾರೆ. ಪುಟ್ಟಲಕ್ಷ್ಮಮ್ಮ ನಗುವುದಿಲ್ಲ. ಇಂಥದ್ದಕ್ಕೆಲ್ಲ ಕಾಲ ಕಳೆಯುವ ಪೈಕಿ ಅವರಲ್ಲ.

ಅವರು ಹುಟ್ಟಿದ್ದು ನಾಗಮಂಗಲದಲ್ಲಿ. ತಂದೆ ದಾಸಯ್ಯ ಹಿತ್ತಾಳೆ ಪಾತ್ರೆ ಮಾಡುವ ಕಡೆ ಕೂಲಿಗಿದ್ದವರು, ಹಂಡೆ ಕೊಳಗಗಳ ನೆಗ್ಗು ತೆಗೆಯುವುದರಲ್ಲಿ ಪಳಗಿದವರು. ಸಂಜೆ ಮನೆಗೆ ತಂದ ಪಾತ್ರೆಗಳನ್ನು ಹಿಡಿದುಕೊಳ್ಳುವ ಕೆಲಸ ಮಗಳದು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗ ಕೊಡತಿ ಅವರ ಕೈಗೇ ಬಂತು. "ನಮ್ಮಪ್ಪ ಒಂದೇ ಯೋಳ್ಕೊಟ್ಟಿದ್ದು. ನೆಗ್ಗುನ ಒಡೀಬ್ಯಾಡ, ಒತ್ತು. ಒಡುದ್ರೆ ಹಿತ್ತಾಳೆಗೆ ಕ್ವಾಪ ಬತ್ತದೆ ಅನ್ನೋನು," ಎಂದು ನೆನೆಯುತ್ತಾರೆ.

ಇಪ್ಪತ್ತಕ್ಕೆ ಮದುವೆಯಾಗಿ ಬಾಬುರಾಯನಕೊಪ್ಪಲಿಗೆ ಬಂದರು. ಶಂಕರ್ ಆಗ ಬ್ಯಾಂಡ್‌ಸೆಟ್ಟಿನಲ್ಲಿ ಟ್ರೊಂಬೋನ್ ಊದುತ್ತಿದ್ದರು. ಹೊಸ ಸೊಸೆಗೆ ಅತ್ತೆಮನೆಯಲ್ಲಿ ಮೊದಲ ಆಯುಧಪೂಜೆ. ಕೆಲಸ ಬಲ್ಲವಳೆಂದು ತೋರಿಸಿಕೊಳ್ಳುವ ಆಸೆ ಯಾರಿಗಿರುವುದಿಲ್ಲ? ಗಂಡನ ಟ್ರೊಂಬೋನನ್ನು ಬಿಚ್ಚಿ, ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ, ದೇವರ ಸಾಮಾನು ಬೆಳಗಿದ ಹಾಗೆ ಒಳಗೊಳವೆ ಹೊರಗೊಳವೆ ಎರಡನ್ನೂ ಗಸಗಸ ತಿಕ್ಕಿದರು. ಕಣ್ಣು ಕೋರೈಸುವ ಹೊಳಪು ಬಂತು. ಒಳಗಿನ ಕೊಳವೆಗಳ ಮೇಲೆ ಮೂರು ಮೂರು ವಿಭೂತಿ ಪಟ್ಟೆ, ಪಟ್ಟೆಯ ನಡುವೆ ಕುಂಕುಮ ಇಟ್ಟರು. ಬೂದುಗುಂಬಳ ಒಡೆದು ಮುಗಿದ ಮೇಲೆ ಶಂಕರ್ ಹೊರಗಿನ ಕೊಳವೆ ಸಿಕ್ಕಿಸಿ ಪೆಟ್ಟಿಗೆಗಿಟ್ಟರು.

ಅದಾಗಿ ಮೂರನೇ ದಿನ ಪಾಂಡವಪುರದಲ್ಲಿ ಮದುವೆ. ಗಂಡಿನ ಮೆರವಣಿಗೆ ಬಸ್‌ಸ್ಟ್ಯಾಂಡ್ ದಾಟಿದೆ. "ಕೈ ಅಲ್ಲೇ ನಿಂತೋಯ್ತು ಸಾರ್. ಮುಂದಕ್ಕೂ ಇಲ್ಲ, ಇಂದಕ್ಕೂ ಇಲ್ಲ. ಛತ್ರದ ತಂಕ ಕೆನ್ನೆ ಉಬ್ಬುಸ್ಕಂಡು ಊದ್ದಂಗೆ ನಟ್ನೆ ಮಾಡ್ಕಂಡು ನಡುದೆ. ಎಣ್ಣಿನ್ ಕಡೆಯೋರು ನನ್ಗೇ ಇಪ್ಪತ್ ರೂಪಾಯಿ ಇನಾಮು ಕೊಟ್ರು," ಎನ್ನುತ್ತಾರೆ ಶಂಕರ್. ಬ್ಯಾಂಡ್ ಮಾಸ್ಟರಿಗೆ ಮಾತ್ರ ಮೋಸ ಗೊತ್ತಾಗಿತ್ತು. ಆ ಇಡೀ ಸೀಸನ್ನು ಶಂಕರ್ ಕೈಗೆ ತಾಳ ಕೊಟ್ಟು ಕೊನೆಯ ಸಾಲಿಗೆ ನಿಲ್ಲಿಸಿದರು.

ಮನೆಯಲ್ಲಿ ಶಂಕರ್ ತುಟಿ ಬಿಚ್ಚಲಿಲ್ಲ. ಒಂದು ತಿಂಗಳಾದ ಮೇಲೆ ಮೂಲೆ ಸೇರಿದ್ದ ಟ್ರೊಂಬೋನನ್ನು ಪುಟ್ಟಲಕ್ಷ್ಮಮ್ಮನೇ ಬಿಚ್ಚಿ ನೋಡಿದರು. ಒಣಗಿದ ವಿಭೂತಿ ಮರಳಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಒಳಗೊಳವೆಯ ಉದ್ದಕ್ಕೂ ಅದು ಎಳೆದ ಗೀರುಗಳು. "ನಾನೇ ಇಟ್ಟ ಪಟ್ಟೆ ಕಣಪ್ಪ. ಬೊಟ್ಟು ಗುರ್ತು ಕೂಡ ಅಂಗೇ ಇತ್ತು. ಅವತ್ತು ಬಚ್ಚಲಲ್ಲಿ ಕೂತ್ಕಂಡು ಅತ್ತುಬುಟ್ಟೆ. ಆಮೇಲೆ ಅತ್ತು ಏನ್ ಬತ್ತದೆ ಅಂತ ಅದ್ನ ರಿಪೇರಿ ಮಾಡಕ್ ಕೂತೆ." ಆರು ತಿಂಗಳು ಹಿಡಿಯಿತು. ಪೂರ್ತಿ ಸರಿಹೋಗಲಿಲ್ಲ. ಆದರೆ ಅಷ್ಟರಲ್ಲಿ ಕೊಳವೆ ಅಂದರೇನು ಎನ್ನುವುದು ಇವರ ಕೈಗೆ ಬಂದಿತ್ತು.

ಈಗ ವರ್ಷಕ್ಕೆ ಹತ್ತಿರ ಹತ್ತಿರ ನೂರೈವತ್ತು ವಾದ್ಯಗಳು ಈ ಅಡುಗೆಮನೆಗೆ ಬಂದು ಹೋಗುತ್ತವೆ. ಅದರಲ್ಲಿ ನಲವತ್ತು ಟ್ರೊಂಬೋನು. ಕೊಳವೆ ನೇರ ಮಾಡಿದ ಮೇಲೆ ಒಂದೊಂದನ್ನೂ ಇನ್ನೂರು ಸಲ ಎಳೆದು ನೋಡುತ್ತಾರೆ. ಬಲಗೈ ಹೆಬ್ಬೆರಳಿನ ಒಳಬದಿ ಚರ್ಮ ಗಡುಸಾಗಿ ಹಿಮ್ಮಡಿಯ ಹಾಗಾಗಿದೆ. ಕೊನೆಯ ಪರೀಕ್ಷೆ ನೋಡುವುದಕ್ಕೆ ಚೆಂದ. ವಾದ್ಯವನ್ನು ಕೆಳಮುಖ ಮಾಡಿ ಹಿಡಿದು, ನೆಲಕ್ಕೆ ಕೌದಿ ಹಾಸಿ, ಕೈ ಬಿಡುತ್ತಾರೆ. ಹೊರಗಿನ ಕೊಳವೆ ತನ್ನ ಭಾರಕ್ಕೆ ತಾನೇ ಸದ್ದಿಲ್ಲದೆ ಜಾರಿ ಕೌದಿಯ ಮೇಲೆ ಬಿದ್ದರೆ ಪಾಸು. ಸಾಧಾರಣಕ್ಕೆ ಯಾವುದೂ ಮೊದಲ ದಿನ ಪಾಸಾಗುವುದಿಲ್ಲ.

ಇನ್ನೊಂದು ಕೆಲಸವೂ ಇದೆ. ಹಳೇ ಟ್ರೊಂಬೋನ್ ಕೊಳ್ಳುವವರು ಇವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ, ನಮ್ಮ ಕಡೆ ಹಸು ಕೊಳ್ಳುವಾಗ ಬಲ್ಲವರನ್ನು ಕರೆದೊಯ್ಯುವ ಹಾಗೆ. ಇಲ್ಲಿಯವರೆಗೆ ಹತ್ತೊಂಬತ್ತು ಜನಕ್ಕೆ ಆರಿಸಿಕೊಟ್ಟಿದ್ದಾರೆ. ಹತ್ತೊಂಬತ್ತೂ ಮದುವೆ ಬ್ಯಾಂಡಿನವರು. ಇಪ್ಪತ್ತನೆಯವಳು ಪವಿತ್ರ. ನನಗೆ ಪುಟ್ಟಲಕ್ಷ್ಮಮ್ಮನ ವಿಚಾರ ಹೇಳಿದ್ದೂ ಅವಳೇ.

ಪವಿತ್ರ ಕಿರಂಗೂರಿನ ಹುಡುಗಿ, ಇಪ್ಪತ್ತಾರು ವರ್ಷ. ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸ. ಮೈಸೂರಿನಲ್ಲಿ ಓದುವಾಗ ಕಾಲೇಜು ಬ್ಯಾಂಡಿನಲ್ಲಿ ಟ್ರೊಂಬೋನ್ ಕಲಿತಳು. ಬ್ಯಾಂಡಿನ ಕವಾಯತು ಸಂಗೀತ ಬೇಸರವಾಗಿ, ಮೊಬೈಲಿನಲ್ಲಿ ಕೇಳಿ ಕೇಳಿ ಜಾಝ್ ಹುಚ್ಚು ಹತ್ತಿಸಿಕೊಂಡಳು. ಮೈಸೂರಿನಲ್ಲಿ ನಾಲ್ಕು ಜನರ ಒಂದು ಜಾಝ್ ಗುಂಪಿದೆ. ಪಿಯಾನೊ ನುಡಿಸುವ ದಿಲೀಪ್ ಅದರ ಮುಖಂಡ. ಐದನೆಯವಳಾಗಿ ಬಾ, ಆದರೆ ಎರಡು ವಾರ ಬಿಟ್ಟು ಬರುವ ಭಾನುವಾರ ವಾದ್ಯ ತಂದು ಒಂದು ಗಂಟೆ ನಮ್ಮ ಜೊತೆ ನುಡಿಸಿ ತೋರಿಸು ಎಂದಿದ್ದಾರೆ. ಬೇರೆ ಇಬ್ಬರು ಸ್ಯಾಕ್ಸೊಫೋನಿನವರೂ ಆ ಜಾಗಕ್ಕೆ ಕಾದು ಕೂತಿದ್ದಾರೆ. ಕಾಲೇಜಿನ ವಾದ್ಯ ಕಾಲೇಜಿಗೆ ವಾಪಸಾಗಿದೆ. ಪವಿತ್ರಳ ಬಳಿ ಇರುವುದು ಹದಿನೆಂಟು ತಿಂಗಳಿಂದ ಸಂಬಳದಲ್ಲಿ ಉಳಿಸಿದ ಇಪ್ಪತ್ತು ಸಾವಿರ. ಅದರಲ್ಲಿ ಬರುವುದು ಒಂದೇ ಹಳೇ ಟ್ರೊಂಬೋನು. ತಪ್ಪಾದರೆ ಎರಡನೆಯದಕ್ಕೆ ದುಡ್ಡೂ ಇಲ್ಲ, ದಿನವೂ ಇಲ್ಲ.

ಅವಳು ಮೊದಲ ಸಲ ಬಂದದ್ದು ಆಷಾಢ ಶುರುವಾದ ವಾರ. "ಸರ್ಯಾದ್ ಟೇಮಿಗೆ ಬಂದೆ ಬುಡು. ಆಸಾಡ್ದಲ್ಲಿ ಮದ್ವೆ ಇಲ್ಲ, ಬ್ಯಾಂಡ್ನೋರು ಕೈ ಕಟ್ಕಂಡು ಕೂತಿರ್ತಾರೆ. ಮಾರೋರು ಈಗ್ಲೇ ಮಾರೋದು," ಎಂದರಂತೆ ಪುಟ್ಟಲಕ್ಷ್ಮಮ್ಮ. ಆಮೇಲೆ ಈ ಜಾಝ್ ಎಂದರೇನು ಎಂದು ಕೇಳಿದರು. ಪವಿತ್ರ ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿದಳು. ಎರಡು ನಿಮಿಷ ಕೇಳಿ ಪುಟ್ಟಲಕ್ಷ್ಮಮ್ಮ ಹೇಳಿದ್ದು: "ಸದ್ದು ತಗುದ್ಬುಡವ್ವ. ಬರೀ ಕೈ ತೋರ್ಸು."

ಸದ್ದಿಲ್ಲದ ಜಾಝನ್ನು ಅವರು ಅರ್ಧ ಗಂಟೆ ನೋಡಿದರು. ನೋಡಿ ತೀರ್ಪು ಕೊಟ್ಟರು. "ಮದ್ವೇಲಿ ಊದೋನು ಎಳೀತಾನೆ, ನಿಲ್ಲುಸ್ತಾನೆ. ಚೂರು ತಡುದ್ರೂ ಡ್ರಮ್ಮು ಮುಚ್ಕತದೆ. ಇವ್ರು ಕೈಯೇ ನಿಲ್ಸಾಕಿಲ್ವಲ್ಲ. ಮಾತಾಡ್ದಂಗೆ ಆಡುಸ್ತಾವ್ರೆ. ನಿಂಗೆ ದಪ್ಪುಂದು ಬ್ಯಾಡ. ಸಣ್ಣ ಕೊಳ್ವೆ, ಅಗುರ್ವಾಗಿರೋದು ಬೇಕು. ಮುಂದಿನ್ ಅಗಲ ಬಾಯಿ ಎಂಗಾರ ಇರ್ಲಿ, ಕೊಳ್ವೆ ಮಾತ್ರ ಬೆಣ್ಣೆ ಅಂಗಿರ್ಬೇಕು." ಜಾಝ್ ಬಲ್ಲ ಗೆಳೆಯರೊಬ್ಬರಿಗೆ ಈ ಮಾತು ಹೇಳಿದೆ. ದೊಡ್ಡ ಅಂಗಡಿಗಳಲ್ಲಿ ಕೇಳಿದರೂ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ ಎಂದರು.

ಹುಡುಕಾಟ ಶುರುವಾಯಿತು. ಪಾಂಡವಪುರದಲ್ಲಿ ಒಂದು ನೋಡಿದರು. ಹೊರಗೊಳವೆಯಲ್ಲಿ ಕಾಳಿನಷ್ಟು ನೆಗ್ಗು, ಬೇಡವೆಂದರು. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಒಬ್ಬಾತ ಟೀ ಕುಡಿಸಿ ಇನ್ನೊಂದು ತೋರಿಸಿದ. ಕೊಳವೆಯ ಮೇಲೆ ಅಲ್ಲಲ್ಲಿ ಗುಲಾಬಿ ಬಣ್ಣದ ಚುಕ್ಕೆ. "ಇದು ಒಳಗಿಂದ್ಲೇ ಕೊಳೀತಾ ಬಂದದೆ. ಮುಂದಿನ್ ವರ್ಸ ತೂತು ಬೀಳ್ತದೆ," ಎಂದು ಟೀ ದುಡ್ಡು ತಾವೇ ಕೊಟ್ಟು ಎದ್ದು ಬಂದರು. ಹಾಗೆ ಒಂದು ವಾರ ಕಳೆಯಿತು. ಆ ಭಾನುವಾರಕ್ಕೆ ಎಂಟು ದಿನ ಉಳಿದಾಗ, ಒಂದು ಶನಿವಾರ, ಕೆ.ಆರ್. ಪೇಟೆಗೆ ಹೊರಟೆವು. ಹೊರಟೆವು ಎಂದೆನಲ್ಲ, ಆ ಬಸ್ಸಿನಲ್ಲಿ ನಾನೂ ಇದ್ದೆ.

ಕೆ.ಆರ್. ಪೇಟೆಯ ಕೆಂಪಣ್ಣ ಮಾಸ್ಟ್ರು ಎಪ್ಪತ್ತು ದಾಟಿದ ಬ್ಯಾಂಡ್ ಯಜಮಾನರು. ಆ ಕಡೆಯ ಏಳು ಬ್ಯಾಂಡ್‌ಸೆಟ್ಟಿನವರು ಅವರ ಮಾತು ಮೀರುವುದಿಲ್ಲ. ಅವರೆಲ್ಲ ರಿಪೇರಿಗೆ ಬಾಬುರಾಯನಕೊಪ್ಪಲಿಗೆ ಬರುವುದು ಮಾಸ್ಟ್ರು ಹೇಳಿದ್ದಕ್ಕೆ. ಪುಟ್ಟಲಕ್ಷ್ಮಮ್ಮನ ವರ್ಷದ ಕೆಲಸದಲ್ಲಿ ಅರ್ಧದಷ್ಟು ಆ ಒಂದು ಬಾಯಿಂದ ಬರುತ್ತದೆ. ಬಸ್ಸಿನಲ್ಲಿ ಇದನ್ನು ಅವರೇ ಹೇಳಿದ್ದರು.

ಮಾಸ್ಟ್ರು ರೇಷ್ಮೆ ಶಲ್ಯದಲ್ಲಿ ಸುತ್ತಿದ್ದ ಟ್ರೊಂಬೋನ್ ತಂದು ಜಮಖಾನದ ಮೇಲಿಟ್ಟರು. ಶಲ್ಯ ಸರಿಸಿದರೆ ಥಳಥಳ. ಮುಖ ನೋಡಿಕೊಂಡು ತಲೆ ಬಾಚಬಹುದು. ಪವಿತ್ರ ಎತ್ತಿಕೊಂಡು ಊದಿದಳು. ಕೊಳವೆ ನುಣ್ಣಗೆ ಜಾರಿತು, ಸ್ವರ ತುಂಬಿ ಬಂತು. ಅವಳ ಮುಖ ನೋಡಿದರೆ ವ್ಯಾಪಾರ ಮುಗಿದೇಹೋಗಿತ್ತು. ಹದಿನೆಂಟು ಸಾವಿರ ಎಂದರು ಮಾಸ್ಟ್ರು. ನಾನಾಗಿದ್ದರೆ ಅಲ್ಲೇ ದುಡ್ಡು ಎಣಿಸಿ ಊಟಕ್ಕೆ ಕೂರುತ್ತಿದ್ದೆ.

ಪುಟ್ಟಲಕ್ಷ್ಮಮ್ಮ ಕೊಳವೆಗೆ ಬೆರಳು ಸವರಿ ಮೂಸಿ ನೋಡಿದರು. ಹರಳೆಣ್ಣೆ. ಒಂದು ಚೊಂಬು ಬಿಸಿನೀರು, ಸೋಪು ಕೇಳಿದರು. ಜಗಲಿಯಲ್ಲಿ ಕೂತು ಒಳಗಿನ ಕೊಳವೆ ತೊಳೆದು, ಒರೆಸಿ, ಒಣಗಿಸಿ, ಹೊರಗಿನದನ್ನು ಸಿಕ್ಕಿಸಿ ಮೆಲ್ಲಗೆ ಎಳೆದರು. ಸರಸರ ಸದ್ದು ನನಗೂ ಕೇಳಿಸಿತು. ಮತ್ತೆ ಬಿಚ್ಚಿ, ಕೊಳವೆಯನ್ನು ಬೆಳಕಿಗೆ ಹಿಡಿದರು. ಉದ್ದಕ್ಕೂ ಗೀರು, ತುದಿಯಲ್ಲಿ ಬೆಳ್ಳಗೆ ಕಟ್ಟಿಕೊಂಡ ಪುಡಿ. ಅವರಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹರಳೆಣ್ಣೆ ಆರುವವರೆಗೆ, ಅಂದರೆ ಒಂದೆರಡು ವಾರ, ಕೊಳವೆ ಹೇಗೋ ಜಾರುತ್ತಿತ್ತು. ಭಾನುವಾರ ದಾಟುತ್ತಿತ್ತು. ಮಾಸ್ಟ್ರ ಮನಸ್ಸೂ ಉಳಿಯುತ್ತಿತ್ತು.

"ಮಾಸ್ಟ್ರೆ, ಇದ್ನ ಈ ಮಗಿಗೆ ಕೊಡ್ಬ್ಯಾಡಿ," ಎಂದರು ಪುಟ್ಟಲಕ್ಷ್ಮಮ್ಮ.

"ಯಾಕಮ್ಮಿ? ಏನಾಗದೆ ಅದ್ಕೆ?"

"ಒಳಗೆ ವಿಭೂತಿ ಕೂತು ಗೀರಾಕದೆ. ಉಣ್ಸೆಹಣ್ಣು ತಿಕ್ಕಿ ತಿಕ್ಕಿ ಮೇಲ್ಗಡೆ ಲೇಪ ಒಂಟೋಗದೆ. ಎಣ್ಣೆ ಆರ್ತಿದ್ದಂಗೆ ಇಡ್ಕತದೆ."

ಮಾಸ್ಟ್ರ ಮುಖ ಕೆಂಪಾಯಿತು. "ಮೂವತ್ತು ವರ್ಸ ಇದ್ಕೆ ಪೂಜೆ ಮಾಡಿವ್ನಿ ಕಣಮ್ಮಿ. ಮನೆ ಬಾಗ್ಲಿಗೆ ಬಂದು ನನ್ ಪೂಜೆ ತಪ್ಪು ಅಂತೀಯಾ?"

"ಪೂಜೆ ತಪ್ಪು ಅನ್ನಾಕೆ ನಾನ್ಯಾರು? ಪಟ್ಟೆ ಇಟ್ಟ ಜಾಗ ತಪ್ಪು. ನಾನೂ ಅಲ್ಲೇ ಇಟ್ಟು ನನ್ ಗಂಡನ್ನ ಒಂದ್ ಸೀಜನ್ನು ತಾಳ ಬಾರ್ಸೋ ಅಂಗೆ ಮಾಡಿವ್ನಿ. ಅದ್ಕೇ ಯೋಳ್ತಿರೋದು."

ಪವಿತ್ರ ತಲೆ ತಗ್ಗಿಸಿದ್ದಳು. ನನಗಂತೂ ಬಸ್ಸಿನ ಟೈಮು ನೆನಪಾಗತೊಡಗಿತು. ಪುಟ್ಟಲಕ್ಷ್ಮಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಕೇಳಿದರು: "ಪೂಜೆಗೆ ಮಡಗ್ದೆ ಇರೋದು ಯಾವ್ದಾರ ಅದಾ ಮಾಸ್ಟ್ರೆ?"

"ಪೂಜೆಗೆ ಮಡಗ್ದೆ ಇರೋದು ನಮ್ಮನೇಲಿ ಯಾವ್ದಿದ್ದಾತು," ಎಂದು ಗೊಣಗಿದ ಮಾಸ್ಟ್ರು ತಟ್ಟನೆ ಅಟ್ಟದ ಕಡೆ ನೋಡಿದರು. "ಒಂದದೆ. ನಮ್ಮಪ್ಪನ ಕಾಲುದ್ದು. ಸಣ್ಣ ಕೊಳ್ವೆ, ಸದ್ದು ಸಾಲ್ದು ಅಂತ ಉಡುಗ್ರು ಮುಟ್ಟಾಕಿಲ್ಲ. ತಂದ ವರ್ಸಾನೇ, ಆಯುದ್ಪೂಜೆಗೂ ಮುಂಚೆ, ಲಾರಿ ಮೇಲಿಂದ ಬಿದ್ದು ಬಾಯಿ ಸೊಟ್ಟಗಾಯ್ತು. ಬಿನ್ನ ಆಗಿರೋದ್ನ ದೇವ್ರ ಮುಂದೆ ಮಡಗಾಕಾಯ್ತದಾ?"

ಮುಕ್ಕಾದ ವಿಗ್ರಹಕ್ಕೆ ಪೂಜೆಯಿಲ್ಲ. ನೆಗ್ಗಿದ ವಾದ್ಯಕ್ಕೂ ಇಲ್ಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಪೂಜೆ ತಪ್ಪಿದ ವಾದ್ಯಕ್ಕೆ ಹುಣಸೆಹಣ್ಣೂ ತಪ್ಪುತ್ತದೆ, ವಿಭೂತಿಯೂ ತಪ್ಪುತ್ತದೆ ಎನ್ನುವುದು ಹೊಳೆದದ್ದು ಆ ಜಗಲಿಯಲ್ಲಿ ಕೂತಿದ್ದ ಒಬ್ಬರಿಗೇ.

ಅಟ್ಟದಿಂದ ಇಳಿದದ್ದು ನೋಡುವಂತಿರಲಿಲ್ಲ. ಕಪ್ಪು ಹಿಡಿದಿತ್ತು. ಮುಂದಿನ ಅಗಲ ಬಾಯಿ ಒಂದು ಪಕ್ಕಕ್ಕೆ ಮಡಚಿಕೊಂಡಿತ್ತು. ಕೊಳವೆ ಅಲ್ಲಾಡಲಿಲ್ಲ. ಬಿಸಿನೀರಿನ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟು, ಪುಟ್ಟಲಕ್ಷ್ಮಮ್ಮ ತಿರುಚದೆ ನೆಟ್ಟಗೆ ಎಳೆದರು. ಬಿಚ್ಚಿಕೊಂಡಿತು. ಒಳಗಿನ ಕೊಳವೆ ಮೊನ್ನೆ ತಂದ ಹಾಗೆ ಹೊಳೆಯುತ್ತಿತ್ತು, ಒಂದೂ ಗೀರಿಲ್ಲ. ಆ ದಿನ ಮೊದಲ ಸಲ ಅವರು ನಕ್ಕಿದ್ದನ್ನು ನೋಡಿದೆ.

"ಅಕ್ಕ, ಇದಾ?" ಎಂದಳು ಪವಿತ್ರ. ಅವಳ ಕಣ್ಣು ಇನ್ನೂ ರೇಷ್ಮೆ ಶಲ್ಯದ ಮೇಲಿತ್ತು. "ಇದು ಭಾನುವಾರದೊಳಗೆ ಆಗುತ್ತಾ? ಆಗದಿದ್ರೆ ಆ ಜಾಗ ನಂಗೆ ಮತ್ತೆ ಸಿಗಲ್ಲ."

"ಕೊಳ್ವೆ ಎಲ್ಲೋ ಚೂರು ಬಗ್ಗದೆ. ಆಯ್ತದೆ ಅಂತ ಆಣೆ ಮಾಡಾಕಿಲ್ಲ. ಆ ಒಳೆಯೋದು ಬೇಕು ಅಂದ್ರೆ ತಗೊ, ದುಡ್ಡು ನಿಂದು. ನನ್ ಕೇಳುದ್ರೆ ಇದು," ಎಂದರು ಪುಟ್ಟಲಕ್ಷ್ಮಮ್ಮ.

ಪವಿತ್ರ ಹೊಳೆಯುವುದನ್ನು ಬಿಟ್ಟು ಕಪ್ಪು ಹಿಡಿದದ್ದನ್ನೇ ಎತ್ತಿಕೊಂಡಳು. ಒಂಬತ್ತು ಸಾವಿರಕ್ಕೆ ಮಾತು ಮುಗಿಯಿತು. ಮಾಸ್ಟ್ರು ದುಡ್ಡು ತೆಗೆದುಕೊಂಡರು, ಆದರೆ ಬಾಗಿಲವರೆಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಾನು ಪುಟ್ಟಲಕ್ಷ್ಮಮ್ಮನನ್ನು ಕೇಳಿಯೇಬಿಟ್ಟೆ, ಆ ಏಳು ಬ್ಯಾಂಡ್‌ಸೆಟ್ ಕೈಬಿಟ್ಟರೆ ಏನು ಗತಿ? "ಬುಟ್ರೆ ಬುಡ್ಲಿ. ಸುಳ್ಳೇಳಿ ಕೊಟ್ಟುದ್ದು ಆ ಮಗಿನ ಕೈಯಾಗೆ ನಿಂತೋದ್ರೆ ಅದು ನನ್ ತಲೆ ಮ್ಯಾಗೆ," ಎಂದು ಕಡಲೆಕಾಯಿ ಸುಲಿಯುತ್ತ ಕೂತರು. ಮಾತು ಗಟ್ಟಿಯಾಗಿತ್ತು. ಕಡಲೆಕಾಯಿ ಮಾತ್ರ ಬಾಯಿಗೆ ಹೋಗಲಿಲ್ಲ, ಸುಲಿದದ್ದೆಲ್ಲ ಮಡಿಲಲ್ಲೇ ಉಳಿಯಿತು.

ಮಾರನೇ ದಿನ ಭಾನುವಾರದಿಂದ ಮಂಗಳವಾರದವರೆಗೆ ತೊಳೆಯುವುದು, ಹಳೇ ಜಿಡ್ಡು ತೆಗೆಯುವುದು. ಬಾಯಿಯ ನೆಗ್ಗನ್ನು ಒಂದು ಕಬ್ಬಿಣದ ಗುಂಡಿನ ಮೇಲಿಟ್ಟು ಒತ್ತಿ ಒತ್ತಿ ಮುಕ್ಕಾಲು ಭಾಗ ತೆಗೆದರು. ಪೂರ್ತಿ ತೆಗೆಯಲಿಲ್ಲ. ಹಳೇ ಹಿತ್ತಾಳೆ, ಸೀಳಿಬಿಟ್ಟರೆ ಕಷ್ಟ. ಬುಧವಾರ ಕೊಳವೆಯನ್ನು ಕಟ್ಟೆಯ ಮೇಲೆ ಮಲಗಿಸಿ ಕಾದರು. ಆಷಾಢದ ಮೋಡ. ಬಿಸಿಲು ಬರಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಶಂಕರ್ ತಾಳ್ಮೆ ಕೆಟ್ಟು ಟಾರ್ಚು ತಂದರು.

"ಲೈಟಲ್ಲಿ ನೋಡ್ಬೌದಲ್ಲ ಕಣೆ? ಆ ಉಡ್ಗಿ ದಿನುಕ್ಕೆ ನಾಕ್ ಸಲ ಫೋನ್ ಮಾಡ್ತಾವ್ಳೆ."

"ಟಾರ್ಚಲ್ಲಿ ನೋಡುದ್ರೆ ಇಲ್ದಿದ್ ಸೊಟ್ಟೆಲ್ಲ ಕಾಣ್ತದೆ. ನೆಟ್ಟಗಿರೋದ್ನ ಬಗ್ಸಿ ಕೂತ್ಕಳದಾ? ನಾಳೀಕೆ ನೋಡವ, ಸುಮ್ನಿರಿ."

ನಾನು ಈ ಲೇಖನದ ಮೊದಲಿಗೆ ಹೇಳಿದ ಬೆಳಗು ಅದರ ಮಾರನೇ ದಿನದ್ದು, ಶನಿವಾರದ್ದು. ಬಿಸಿಲು ನಿಂತದ್ದು ಹನ್ನೊಂದು ನಿಮಿಷ. ನಾನು ಗಡಿಯಾರ ನೋಡಿದ್ದೇನೆ. ಅಷ್ಟರಲ್ಲಿ ಸೀಮೆಸುಣ್ಣದ ಗೀಟು ಬಿದ್ದು, ಆ ಜಾಗವನ್ನು ಎರಡು ಹೆಬ್ಬೆರಳಿನಲ್ಲಿ ಮೂರು ಸಲ ಒತ್ತಿ, ಮೂರು ಸಲ ಕೆನ್ನೆ ಆನಿಸಿ ನೋಡಿ ಮುಗಿಸಿದರು. ಮೂರನೇ ಸಲ ಕೆಳಗೆ ಬೆಳಕಿರಲಿಲ್ಲ. ಮತ್ತೆ ಮೋಡ ಮುಚ್ಚಿಕೊಂಡಿತು. ಮುಖಕ್ಕೆ ಹಚ್ಚುವ ಕ್ರೀಮನ್ನು ಸಾಸಿವೆ ಕಾಳಿನಷ್ಟು ಕೊಳವೆಗೆ ಸವರಿ, ಮೇಲೆ ನೀರು ಚಿಮುಕಿಸಿ, ಇನ್ನೂರು ಸಲ ಎಳೆದರು. ಕೌದಿಯ ಮೇಲೆ ಕೈ ಬಿಟ್ಟಾಗ ಕೊಳವೆ ಬಿದ್ದದ್ದು ಕಣ್ಣಿಗೆ ಕಂಡಿತು, ಕಿವಿಗೆ ಕೇಳಿಸಲಿಲ್ಲ. ಆಮೇಲೆ ಒಲೆ ಹತ್ತಿತು. ನನಗೆ ಕಾಫಿಯೂ ಸಿಕ್ಕಿತು.

ಮಧ್ಯಾಹ್ನ ಪವಿತ್ರ ಬರುವ ಹೊತ್ತಿಗೆ ಕೆ.ಆರ್. ಪೇಟೆಯಿಂದ ಫೋನು. ಪುಟ್ಟಲಕ್ಷ್ಮಮ್ಮ ಸ್ಪೀಕರಿಗೆ ಹಾಕಿ ಹೆಸರುಬೇಳೆ ಆರಿಸುವುದನ್ನು ಮುಂದುವರಿಸಿದರು. ಕೆಂಪಣ್ಣ ಮಾಸ್ಟ್ರು ಸುಮಾರು ಹೊತ್ತು ಮಳೆ, ಬೆಳೆ, ಮೊಣಕಾಲು ನೋವು ಎಲ್ಲ ಮಾತಾಡಿದರು. ಕೊನೆಗೆ, "ಅಮ್ಮಿ, ಮಿಕ್ಕಿದ್ ಮೂರು ಟ್ರಂಬೋನೂ ಬಿಚ್ಚಿ ನೋಡ್ದೆ. ಎಲ್ಲಾದ್ರಲ್ಲೂ ಬೆಳ್ಳುಗೆ ಅದೆ. ಸೋಮಾರ ಕಳುಸ್ತೀನಿ," ಎಂದರು. ಫೋನ್ ಇಡುವ ಮುಂಚೆ ಇನ್ನೊಂದು ಕೇಳಿದರು: "ವಿಭೂತಿ ಎಲ್ಲಿಗಿಡಾನ ಅಂಗಾರೆ?"

"ಬಾಯಿ ಮ್ಯಾಗೆ ಇಡಿ ಮಾಸ್ಟ್ರೆ. ದೇವ್ರಿಗೆ ಕಾಣುಸ್ತದೆ, ಕೊಳ್ವೆಗೆ ತಾಕಾಕಿಲ್ಲ."

ಭಾನುವಾರ ಮೈಸೂರಿನ ಒಂದು ಮನೆಯ ಮಹಡಿ. ಪಿಯಾನೊ, ದೊಡ್ಡ ಪಿಟೀಲಿನಂಥದ್ದೊಂದು, ಡ್ರಮ್ಮು, ಗಿಟಾರು, ನಡುವೆ ಪವಿತ್ರ. ಸೊಟ್ಟಬಾಯಿಯ ಕಪ್ಪು ಟ್ರೊಂಬೋನು ನೋಡಿ ಗಿಟಾರಿನ ಹುಡುಗ ಹುಬ್ಬೇರಿಸಿದ. ಪುಟ್ಟಲಕ್ಷ್ಮಮ್ಮನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅವರು ಅದನ್ನು ಎತ್ತಿಕೊಂಡು ಹೋಗಿ ಪವಿತ್ರಳ ಬಲಗೈ ಕಾಣುವ ಕಡೆ ಹಾಕಿಕೊಂಡರು.

ಒಂದು ಗಂಟೆ ನುಡಿಸಿದರು. ಮೊದಮೊದಲು ಪವಿತ್ರ ಹೆದರಿ ಸಣ್ಣಗೆ ಊದುತ್ತಿದ್ದಳು. ಎರಡನೆಯ ಹಾಡಿಗೆ ಕೈ ಸಡಿಲ ಬಿಟ್ಟಳು. ಟ್ರೊಂಬೋನು ಒಮ್ಮೆ ಗೊಣಗಿತು, ಒಮ್ಮೆ ನಕ್ಕಿತು, ಒಮ್ಮೆ ಪಿಯಾನೊ ಹೇಳಿದ್ದಕ್ಕೆ ಎದುರು ಮಾತಾಡಿತು. ನನಗೆ ಜಾಝ್ ತಿಳಿಯದು, ಆದರೆ ಮೈ ಜುಮ್ಮೆಂದದ್ದು ನಿಜ. ಕೊನೆಯಲ್ಲಿ ದಿಲೀಪ್ ಯಾವ ಘೋಷಣೆಯನ್ನೂ ಮಾಡಲಿಲ್ಲ. ಡೈರಿ ತೆಗೆದು, "ಮುಂದಿನ ಭಾನುವಾರ ನಾಲ್ಕಕ್ಕೆ. ಪವಿತ್ರ, ನಿಮಗೆ ಡೇರಿ ಡ್ಯೂಟಿ ಇರಲ್ಲ ತಾನೆ?" ಎಂದ. ಪವಿತ್ರ ಇಲ್ಲವೆಂದು ತಲೆಯಾಡಿಸಿ ಸೀದಾ ಬಂದು ಪುಟ್ಟಲಕ್ಷ್ಮಮ್ಮನ ಹೆಗಲಿಗೆ ಮುಖ ಒತ್ತಿಕೊಂಡಳು. ಅವರು ಅವಳ ಬೆನ್ನು ಸವರಿದರು.

ಮೆಟ್ಟಿಲು ಇಳಿಯುವಾಗ ಕೇಳಿದೆ, ಹೇಗಿತ್ತಮ್ಮ ಸಂಗೀತ?

"ಸಂಗೀತ ನಂಗೇನ್ ಗೊತ್ತು ಕಣಪ್ಪ, ಅದು ಅವಳ್ದು. ಒಂದ್ ಗಂಟೆ ಊದುದ್ಲು, ಒಂದ್ಸಲಾನೂ ಕೈ ತಡೀಲಿಲ್ಲ. ಅದು ನಂದು."